ಲೀಕ್‌ನಲ್ಲಿ ನೀರಿರಲಿಲ್ಲವೆಂದು ದೃಢೀಕರಿಸಿಕೊಡುವ ಬಗ್ಗೆ

ಇಂದ,
ಸಿದ್ದೇಶ್ ಬಿನ್ ಚಿಕ್ಕಹನುಮಯ್ಯ,
ಮದುವೆ ವಿಡಿಯೋ ಎಡಿಟರ್,
ಇಂದ್ರಮ್ಮನವರ ಮನೆ, ಮೇಲಿನ ಪೋರ್ಷನ್ (ಮೆಟ್ಟಿಲು ಹೊರಗಡೆಯಿಂದ),
ರಾಜಾಜಿನಗರ, ಬೆಂಗಳೂರು.

ಗೆ,
ಮಾನ್ಯ ಬೆಲೆ ನಿಗದಿ ಅಧಿಕಾರಿಗಳು,
ಇನ್ನೂ ಬಿಡುಗಡೆಯಾಗದ ಗ್ರಾಫಿಕ್ಸ್ ಕಾರ್ಡುಗಳ ವಿಭಾಗ (ಮಧ್ಯಮ ವರ್ಗ),
ಕಾರ್ಡ್ ಕಂಪನಿ, ಎಲ್ಲಿದ್ದೀರೋ ಅಲ್ಲಿಗೆ.

ವಿಷಯ: ತಮ್ಮ ಹೊಸ ಕಾರ್ಡಿನ ಬಗ್ಗೆ ಆದ ಲೀಕ್‌ನಲ್ಲಿ ನೀರಿನ ಅಂಶ ಇರಲಿಲ್ಲವೆಂದು ದೃಢೀಕರಿಸುವ ಹಾಗೂ ಸದರಿ ಲೀಕ್‌ನಂತೆಯೇ ಕಾರ್ಡನ್ನು ಬಿಡುಗಡೆ ಮಾಡಿ ನನ್ನ ಬಾಡಿಗೆ ಮನೆಯನ್ನು ಉಳಿಸಿಕೊಡುವ ಬಗ್ಗೆ.

ಉಲ್ಲೇಖ: 1. ಬೆಕ್ಕಿನ ಫೋಟೋ ಹಾಕಿಕೊಂಡಿರುವ ಅನಾಮಿಕರೊಬ್ಬರ ಪೋಸ್ಟ್.
2. ಗೆಳೆಯ ಮಧ್ವೇಶನ ಫೋನ್ ಕರೆ.
3. ಇಂದ್ರಮ್ಮನವರು ಮೆಟ್ಟಿಲ ಮೇಲೆ ಕುಳಿತು ನೀಡಿದ ಮೌಖಿಕ ನೋಟಿಸ್.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದವರಿಗೆ ಆ ಅನುಮಾನ ಬರುವುದು ಸಹಜ.

1. ಕೆಂಗೇರಿಯ ನಮ್ಮ ಸ್ವಂತ ಮನೆಯಲ್ಲಿ ಅಣ್ಣಂದಿರ ಸಂಸಾರಗಳ ನಡುವೆ ನನ್ನ ಕಂಪ್ಯೂಟರಿಗೆ ಜಾಗ ಸಾಲದ ಕಾರಣ ಇಲ್ಲಿ ಬಾಡಿಗೆಗೆ ಇದ್ದೇನೆ. ಜನರ ಮದುವೆ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು ನನ್ನ ಕಸುಬು. ಈ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಎಂದರೆ ಅಡುಗೆ ಭಟ್ಟರಿಗೆ ಒಲೆ ಇದ್ದ ಹಾಗೆ. ನನ್ನ ಹಳೆಯ ಕಾರ್ಡಿಗೆ ವಯಸ್ಸಾಗಿದೆ. ವರಪೂಜೆಯವರೆಗೆ ಹೇಗೋ ಏದುಸಿರು ಬಿಡುತ್ತಾ ಬರುತ್ತದೆ, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತದೆ. ಮೊನ್ನೆ ಗೋವಿಂದರಾಜನಗರದ ವಧುವಿನ ತಾಯಿಯೊಬ್ಬರು ಫೋನ್ ಮಾಡಿ, "ಏನಪ್ಪಾ, ನಮ್ಮ ಹುಡುಗಿ ಸೀಮಂತದೊಳಗಾದ್ರೂ ಮದುವೆ ವಿಡಿಯೋ ಕೊಡ್ತೀಯಾ?" ಎಂದು ವಿಚಾರಿಸಿರುತ್ತಾರೆ.

2. ಆದ್ದರಿಂದ ಹೊಸ ಕಾರ್ಡ್ ಬೇಕು. ದೊಡ್ಡದು ಕೊಳ್ಳುವ ಯೋಗ್ಯತೆ ಇಲ್ಲ, ಚಿಕ್ಕದು ಕೊಂಡರೆ ಪ್ರಯೋಜನವಿಲ್ಲ. ಕಾರಣ ತಮ್ಮ ಮಧ್ಯಮ ವರ್ಗದ ಕಾರ್ಡಿಗಾಗಿ ಚಾತಕಪಕ್ಷಿಯಂತೆ ಕಾಯುತ್ತಿದ್ದೇನೆ. ತಾವು ಅದರ ಬೆಲೆಯನ್ನಾಗಲಿ, ಶಕ್ತಿಯನ್ನಾಗಲಿ ಹೇಳುತ್ತಿಲ್ಲ. ತಾವು ಹೇಳದ ಕಾರಣ ಊರೆಲ್ಲಾ ಹೇಳುತ್ತಿದೆ. ಒಬ್ಬ ಎಂಟು ಜಿಬಿ ಮೆಮೊರಿ ಎನ್ನುತ್ತಾನೆ, ಇನ್ನೊಬ್ಬ ಹನ್ನೆರಡು ಎನ್ನುತ್ತಾನೆ. ಹಳೆಯದಕ್ಕಿಂತ ಎರಡು ಪಟ್ಟು ಜೋರು ಎಂದು ಒಂದು ಕಡೆ, ಬರೀ ಡಬ್ಬ ಬದಲಾಗಿದೆ ಎಂದು ಇನ್ನೊಂದು ಕಡೆ. ಇಂತಹ ಸುದ್ದಿ ಸೋರಿ ಹೊರಬಂದರೆ ನಮ್ಮ ಹುಡುಗರ ಭಾಷೆಯಲ್ಲಿ ಅದಕ್ಕೆ 'ಲೀಕ್' ಎನ್ನುತ್ತಾರೆ. ಎಲ್ಲಾ ಅನಾಹುತಕ್ಕೂ ಈ ಪದವೇ ಮೂಲ.

3. ಹೋದ ಭಾನುವಾರ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ, ಅಂದರೆ ಸರಿಯಾಗಿ ಇಂದ್ರಮ್ಮನವರ ಅಡುಗೆಮನೆ ಕಿಟಕಿಯ ಪಕ್ಕದಲ್ಲಿ ನಿಂತು, ವಿಜಯನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಧ್ವೇಶನ ಜೊತೆ ಫೋನಿನಲ್ಲಿ ಮಾತಾಡಿದೆ. ನನ್ನ ಗಂಟಲು ಸ್ವಲ್ಪ ದೊಡ್ಡದು. ನಾನು ಆಡಿದ ಮಾತುಗಳನ್ನು ಇಲ್ಲಿ ಯಥಾವತ್ತಾಗಿ ಸಲ್ಲಿಸುತ್ತಿದ್ದೇನೆ:

"ಮಗಾ, ದೊಡ್ಡ ಲೀಕ್ ಆಗಿದೆ ಕಣೋ! ಪೂರ್ತಿ ಲೀಕ್! ಒಳಗಿಂದಾನೇ ಆಗಿರೋದು. ಇನ್ನೂ ಆಗುತ್ತೆ ನೋಡ್ತಿರು, ಸಖತ್ ಮಜಾ ಇದೆ. ಹಳೇದನ್ನ ಕಿತ್ತಾಕಿ ಹೊಸದು ಹಾಕೋದೇ ಗುರು!"

ಇಷ್ಟು ಹೇಳಿ ನಾನು ಪೆನ್‌ಡ್ರೈವ್ ಕೊಡಲು ಬಸವೇಶ್ವರನಗರಕ್ಕೆ ಹೊರಟುಹೋದೆ.

4. ವಾಪಸ್ಸು ಬಂದಾಗ ನನ್ನ ಬಾತ್‌ರೂಮಿಗೆ ನೆಲ ಇರಲಿಲ್ಲ. ಕಿಟಕಿಯಿಂದ ಇದೆಲ್ಲಾ ಕೇಳಿಸಿಕೊಂಡ ಓನರ್ ಇಂದ್ರಮ್ಮ ಆಂಟಿ ತಮ್ಮ ಹತ್ತಿರ ಇದ್ದ ಕೀಲಿಯಿಂದ ಬಾಗಿಲು ತೆಗೆಸಿ, ಪ್ಲಂಬರ್ ಭೈರೇಶನನ್ನು ಕರೆಸಿ ಟೈಲ್ಸ್ ಒಡೆಸಿದ್ದರು. ಭೈರೇಶ ಗೇಣುದ್ದ ಆಳದ ಗುಂಡಿಯಲ್ಲಿ ನಿಂತು ನನ್ನ ಮುಖ ನೋಡಿದ.

"ಎಲ್ಲಾ ಕಡೆ ನೋಡ್ದೆ ಸಾರ್, ಒಣಗಿದೆ. ಲೀಕ್ ಎಲ್ಲಿ ಸಾರ್?"

"ಇಂಟರ್‌ನೆಟ್‌ನಲ್ಲಿ" ಎಂದೆ. ಮಾನ್ಯರೇ, ಅದು ಸತ್ಯವಾದ ಉತ್ತರ. ಆದರೆ ಸತ್ಯ ಹೇಳುವುದಕ್ಕೂ ಹೊತ್ತು ಗೊತ್ತು ಇರುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು.

5. ಇಂದ್ರಮ್ಮ ಆಂಟಿ ಸಾಮಾನ್ಯರಲ್ಲ. ಸೊಪ್ಪಿನ ಗಾಡಿಯವನು ಇವರ ಗೇಟಿನ ಮುಂದೆ ಬಂದರೆ ರೇಟನ್ನು ತಾನಾಗಿಯೇ ಇಳಿಸಿ ಕೂಗುತ್ತಾನೆ. ಅಂತಹವರಿಗೆ ನಾನು ಗುಂಡಿಯ ಅಂಚಿನಲ್ಲಿ ನಿಂತು ಗ್ರಾಫಿಕ್ಸ್ ಕಾರ್ಡ್ ಎಂದರೇನು, ಹನ್ನೆರಡು ಜಿಬಿ ಮೆಮೊರಿಯ, ಎರಡು ಪಟ್ಟು ಜೋರಿನ ಹೊಸ ಕಾರ್ಡ್ ಕಮ್ಮಿ ಬೆಲೆಗೆ ಬರುತ್ತದೆಂಬ ಲೀಕ್ ಎಂದರೇನು ಎಂದು ವಿವರಿಸಬೇಕಾಯಿತು.

"ನನ್ ಮನೆ ಸೋರ್ತಿದ್ರೆ ಇವನಿಗೆ ಮಜಾ ಅಂತೆ ಅಂದ್ಕೊಂಡೆ. ಹೋಗ್ಲಿ, ಆ ಕಾರ್ಡಿನ ಸುದ್ದಿ ಆದ್ರೂ ನಿಜಾನಾ?"

"ನಿಜಾನೇ ಆಂಟಿ. ನಂಬಿಕಸ್ತರು ಹೇಳಿರೋದು."

"ಯಾರು? ಹೆಸರೇನು?"

"ಹೆಸರು ಗೊತ್ತಿಲ್ಲ ಆಂಟಿ. ಅವರು ಬೆಕ್ಕಿನ ಫೋಟೋ ಹಾಕ್ಕೊಂಡಿದಾರೆ."

"ಬೆಕ್ಕು ಹೇಳ್ತು ಅಂತ ನನ್ ಬಾತ್‌ರೂಮ್ ಅಗೆಸಿಬಿಟ್ಯಲ್ಲೋ! ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತಾರಂತೆ, ನೀನು ಗುಂಡೀನೇ ತೋಡ್ಸಿದೀಯ!"

ಗುಂಡಿ ತೋಡಿಸಿದ್ದು ನಾನಲ್ಲ ಎಂಬ ಅಂಶವನ್ನು ನಾನು ಪ್ರಸ್ತಾಪಿಸಲಿಲ್ಲ. ಭೈರೇಶ ನಕ್ಕ. ಆಂಟಿ ಅವನ ಕಡೆ ಒಮ್ಮೆ ನೋಡಿದರು, ನಿಲ್ಲಿಸಿದ.

6. ತದನಂತರ ಆಂಟಿ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದನ್ನು ತಾವು ದಯವಿಟ್ಟು ಗಮನವಿಟ್ಟು ಓದಬೇಕಾಗಿ ಪ್ರಾರ್ಥನೆ. ನಮ್ಮ ಮೆಟ್ಟಿಲಿನಿಂದ ನೋಡಿದರೆ ದೂರದಲ್ಲಿ ಮೆಟ್ರೋ ಹಾದುಹೋಗುವುದು ಕಾಣುತ್ತದೆ.

"ನಮ್ಮನೆಯೋರೂ ನಿನ್ ತರಾನೇ ಕಣೋ. ದಿನಾ ಪೇಪರ್ ಹಿಡ್ಕೊಂಡು ಇಲ್ಲೇ ಕೂತ್ಕೋತಿದ್ರು. ಮೆಟ್ರೋ ಬರುತ್ತೆ ಇಂದ್ರಾ, ಈ ವರ್ಷ ಬರುತ್ತೆ, ನಿನ್ನ ಕಿಟಕಿ ಪಕ್ಕ ಕೂರಿಸ್ಕೊಂಡ್ ಹೋಗ್ತೀನಿ ಅಂತ. ಬರುತ್ತೆ ಬರುತ್ತೆ ಅಂತಾನೇ ಅವರು ಹೋಗ್ಬಿಟ್ರು. ಆಮೇಲೆ ಬಂತು. ಬಂದು ಏನ್ ಮಾಡ್ಲಿ ನಾನು?"

ಆಂಟಿ ಇವತ್ತಿಗೂ ಮೆಟ್ರೋ ಹತ್ತಿಲ್ಲ. ಮಾರ್ಕೆಟ್ಟಿಗೂ ಬಸ್ಸಿನಲ್ಲೇ ಹೋಗುತ್ತಾರೆ. ಮಂಡಿನೋವಿಗೆ ಬಸ್ಸೇ ವಾಸಿ ಎಂದು ಹೇಳುತ್ತಿದ್ದರು, ನಾನು ನಂಬಿದ್ದೆ.

"ಅದಕ್ಕೇ ಹೇಳ್ತೀನಿ ಕೇಳು. ಈ ಮನೇಲಿ ಯಾರಾದ್ರೂ ಬರುತ್ತೆ ಅಂದ್ರೆ ಅದು ಬರ್ಬೇಕು. ನೀನ್ ಹೇಳಿದ್ ರೇಟಿಗೆ, ನೀನ್ ಹೇಳಿದಷ್ಟೇ ಜೋರಾಗಿ ಬಂದ್ರೆ ನೀನು ಇರು. ಇಲ್ಲಾಂದ್ರೆ ಮನೆ ಖಾಲಿ ಮಾಡು."

7. ಆದ್ದರಿಂದ ಮಾನ್ಯರೇ, ನನ್ನ ವಸತಿ ಈಗ ತಮ್ಮ ಕೈಯಲ್ಲಿದೆ. ಬಾಡಿಗೆ ಮನೆ ಇನ್ನೊಂದು ಸಿಗಬಹುದು. ಆದರೆ ಜ್ವರ ಬಂದಾಗ ಬೈಯುತ್ತಲೇ ಮೆಣಸಿನ ಸಾರು ತಂದಿಡುವ ಓನರ್ ಸಿಗುವುದಿಲ್ಲ. ನನಗೆ ಆಂಟಿಯನ್ನು ಬಿಟ್ಟು ಹೋಗಲು ಇಷ್ಟವಿಲ್ಲ, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

8. ಅಂದಿನಿಂದ ಆಂಟಿ ಪ್ರತಿದಿನ ಮೋಟಾರ್ ಹಾಕಲು ಬಂದಾಗ "ಬೆಕ್ಕು ಏನಂತು?" ಎಂದು ಕೇಳುತ್ತಾರೆ. ಬುಧವಾರ ಬೆಕ್ಕು ಮಾತು ಬದಲಾಯಿಸಿ, ಮೆಮೊರಿ ಎಂಟೇ, ಬೆಲೆ ಜಾಸ್ತಿ ಎಂದಿತು. ಆಂಟಿ ಒಪ್ಪಲಿಲ್ಲ. "ಮೊದ್ಲು ಜಾಸ್ತಿ ಅಂತ ಹೆದ್ರಿಸಿ, ಆಮೇಲೆ ಇಳಿಸಿದಂಗೆ ಮಾಡ್ತಾರೆ. ಸೊಪ್ಪಿನೋನೂ ಹಂಗೇ" ಎಂದರು. ಹೊಸ ಕಾರ್ಡಿನ ಶಕ್ತಿಯನ್ನು ನಾನು ಮಿಕ್ಸಿಗೆ ಹೋಲಿಸಿ ವಿವರಿಸಿದ್ದಕ್ಕೆ, "ಹೊಸ ಮಿಕ್ಸಿ ಎಲ್ಲಾ ಸದ್ದು ಜಾಸ್ತಿ, ಚಟ್ನಿ ಅದೇ" ಎಂದರು. ಈ ವಿಷಯದಲ್ಲಿ ಇಷ್ಟು ಅಡಕವಾದ ವಿಶ್ಲೇಷಣೆಯನ್ನು ನಾನು ಬೇರೆಲ್ಲೂ ಓದಿಲ್ಲ. ತಮ್ಮ ಇಂಜಿನಿಯರುಗಳ ಗಮನಕ್ಕೆ ತರುವುದು.

ಕಾರಣ, ತಾವು ದಯಮಾಡಿ ಮೊದಲನೆಯ ಲೀಕ್‌ನಂತೆ ಹನ್ನೆರಡು ಜಿಬಿ ಮೆಮೊರಿಯನ್ನೇ ಕೊಟ್ಟು, ಬೆಲೆಯನ್ನು ಬೆಕ್ಕು ಮೊದಲು ಹೇಳಿದಂತೆಯೇ ನಿಗದಿಪಡಿಸಿ, ಸದರಿ ಲೀಕ್‌ನಲ್ಲಿ ನೀರಿರಲಿಲ್ಲವೆಂದು ಸೀಲು ಸಹಿತ ಪತ್ರ ನೀಡಬೇಕಾಗಿ ಕೋರುತ್ತೇನೆ. ಪತ್ರ ಕಳುಹಿಸಲು ಆಗದಿದ್ದಲ್ಲಿ ತಮ್ಮ ಕಡೆಯಿಂದ ಒಬ್ಬರು ಖುದ್ದಾಗಿ ಬಂದು ಆಂಟಿಗೆ ತಿಳಿಹೇಳಬಹುದು. ಚಪ್ಪಲಿ ಗೇಟಿನ ಹತ್ತಿರವೇ ಬಿಡತಕ್ಕದ್ದು.

ಕಾಯುವುದೇ ಕೆಲಸವಾಗಿರುವ,
ತಮ್ಮ ವಿಶ್ವಾಸಿ,
ಸಿದ್ದೇಶ್ ಸಿ.

ಅಡಕ: 1. ಬೆಕ್ಕಿನ ಪೋಸ್ಟಿನ ಪ್ರತಿ.
2. ಗುಂಡಿಯ ಫೋಟೋ. (ಒಳಗೆ ನಿಂತಿರುವವರು ಭೈರೇಶ್.)
3. ಒಡೆದ ಟೈಲ್ಸ್ ಚೂರು, ಒಂದು. ಒಣಗಿರುವುದನ್ನು ಮುಟ್ಟಿ ನೋಡಬಹುದು.

ವಿ.ಸೂ.: ಅರ್ಜಿಯಲ್ಲಿ ಹೆಸರು ಬಂದಿರುವ ಕಾರಣ ಇದನ್ನು ಆಂಟಿಗೆ ಓದಿ ಹೇಳಿದೆ. ಮೆಟ್ರೋ ವಿಷಯ ಬಂದಾಗ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಮುಗಿದ ಮೇಲೆ, "ರೇಟು ಗೀಟು ಎಲ್ಲಾ ಯಾಕ್ ಬರೆದೆ? ಅದು ಅವರವರ ವ್ಯಾಪಾರ. ನೀನೆಲ್ಲಿಗೆ ಹೋಗ್ತೀಯಾ, ಇರು" ಎಂದರು. ಆಮೇಲೆ ಕೇಳಿದರು:

"ಆ ಕಾರ್ಡನ್ನ ಎಲ್ಲಿ ತಗೊಳ್ಳೋದು?"

"ಎಸ್.ಪಿ. ರೋಡಲ್ಲಿ ಆಂಟಿ. ಕಂಪ್ಯೂಟರ್ ಸಾಮಾನೆಲ್ಲಾ ಅಲ್ಲೇ ಸಿಗೋದು."

"ಮೆಟ್ರೋ ಹೋಗುತ್ತಾ ಅಲ್ಲಿಗೆ?"

"ಹತ್ರಕ್ಕೆ ಹೋಗುತ್ತೆ ಆಂಟಿ."

"ಹಂಗಾದ್ರೆ ಬಂದ ದಿನ ಹೇಳು. ನಾನೂ ಬರ್ತೀನಿ. ಕಿಟಕಿ ಪಕ್ಕ ನಾನು ಕೂತ್ಕೋಬೇಕು."

ಆದಕಾರಣ ಮೇಲಿನ ಎಲ್ಲಾ ಕೋರಿಕೆಗಳನ್ನು ಈ ಮೂಲಕ ಹಿಂಪಡೆದಿದ್ದೇನೆ. ಬೆಲೆ ಎಷ್ಟಾದರೂ ಇಡಿ, ಮೆಮೊರಿ ಎಂಟೇ ಕೊಡಿ, ಸದ್ದು ಮಾಡಿದರೂ ಸರಿ. ಆದರೆ ಬರುತ್ತೆ ಎಂದಮೇಲೆ ದಯವಿಟ್ಟು ಬರಲಿ. ನಮ್ಮ ರಸ್ತೆಗೆ ಸೋಮವಾರ, ಬುಧವಾರ, ಶುಕ್ರವಾರ ಕಾವೇರಿ ನೀರು ಬಿಡುತ್ತಾರೆ, ಆ ದಿನಗಳಲ್ಲಿ ಆಂಟಿ ಮನೆ ಬಿಟ್ಟು ಕದಲುವುದಿಲ್ಲ. ಉಳಿದ ಯಾವ ದಿನವಾದರೂ ಬಿಡುಗಡೆ ಮಾಡಬೇಕಾಗಿ ವಿನಂತಿ.