ಮಗಳ ಮಾಸ್ ಕಮ್ಯುನಿಕೇಷನ್ನೂ ನನ್ನ ಪ್ರೋಸೆಸ್ ಶೀಟೂ

ಬೇಡ ಎನ್ನುವುದಕ್ಕೆ ಸಂಬಳ ಪಡೆಯುವ ಅಪರೂಪದ ಜನರಲ್ಲಿ ನಾನೂ ಒಬ್ಬ. ಪೀಣ್ಯದಲ್ಲಿ ವಾಲ್ವುಗಳನ್ನು ತಯಾರಿಸುವ ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಕೂತಿದ್ದೇನೆ. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ನನ್ನ ಕೆಲಸ. ಈ ಚಾಳಿ ಮನೆಗೂ ಬಂದಿದೆ ಎಂಬುದು ಹೆಂಡತಿ ಗಿರಿಜಾಳ ದೂರು. ಉಪ್ಪಿಟ್ಟಿನ ಮುಂದೆ ಕೂತರೂ ನಾನು ಮೊದಲು ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡುತ್ತೇನಂತೆ. ನೋಡುತ್ತೇನೆ, ನಿಜ. ಹಾಗೆ ನೋಡಿದ್ದರಿಂದಲೇ ಎಷ್ಟೋ ಸಲ ಕಲ್ಲು ಸಿಕ್ಕಿದೆ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳುವುದಿಲ್ಲ. ಬಾಗಲಗುಂಟೆಯಲ್ಲಿ ನಾವಿರುವ ಮನೆಯ ಮಾಲೀಕರು ಮುನಿಯಪ್ಪನವರು. ಅವರ ರಾಗಿ ಹೊಲ ಈಗ ಮೂರು ಕಟ್ಟಡಗಳಾಗಿ ಎದ್ದು ನಿಂತಿದೆ. ಮೊದಲ ದಿನ ನಾನು 'ಇನ್‌ಸ್ಪೆಕ್ಟರ್' ಎಂದದ್ದಕ್ಕೆ ಪೊಲೀಸಿನವನೆಂದು ತಿಳಿದು, ಕುರ್ಚಿಯಿಂದೆದ್ದು ಬೀಗದ ಕೈ ಕೊಟ್ಟವರು ಅವರು. ನಿಜ ಗೊತ್ತಾದ ಮೇಲೂ ಬಿಟ್ಟುಕೊಡದೆ ಇವತ್ತಿಗೂ "ಇನ್‌ಸ್ಪೆಕ್ಟ್ರೇ" ಎಂದೇ ಕರೆಯುತ್ತಾರೆ. ದೊಡ್ಡ ಮನಸ್ಸು.

ಇಂಥ ನನ್ನ ಮುಂದೆ ಮಗಳು ಸಿಂಚನಾ ಪಿಯುಸಿ ಫಲಿತಾಂಶ ಬಂದ ಮಾರನೇ ದಿನ ನಿಂತು, "ಅಪ್ಪಾ, ನಾನು ಮಾಸ್ ಕಮ್ಯುನಿಕೇಷನ್ ಓದ್ತೀನಿ" ಎಂದಳು. ಕೇಳುವ ದನಿಯಾಗಿರಲಿಲ್ಲ, ತಿಳಿಸುವ ದನಿ. ಅವಳು ಬಿ.ಕಾಂ. ಮಾಡುತ್ತಾಳೆಂದು ನಾನು ಅವಳ ಪರವಾಗಿ ಎರಡು ವರ್ಷದ ಹಿಂದೆಯೇ ತೀರ್ಮಾನಿಸಿ, ಅವಳಿಗೆ ಹೇಳುವುದನ್ನು ಮರೆತಿದ್ದೆ. ಹಾಗೆಂದರೆ ಏನು ಕಲಿಸುತ್ತಾರೆ ಎಂದು ಕೇಳಿದೆ. ಪತ್ರಿಕೆ, ರೇಡಿಯೊ, ವಿಡಿಯೊ, ಜಾಹೀರಾತು ಎಂದು ಒಂದೊಂದಾಗಿ ಹೇಳಿದಳು. ನನ್ನ ಕಣ್ಣ ಮುಂದೆ ಬಂದದ್ದು ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಕಾಣಿಸುವ ಆರು ಚೌಕಗಳು ಮಾತ್ರ. ಆರರಲ್ಲೂ ಒಬ್ಬೊಬ್ಬರು ಕೂತು ಏಕಕಾಲಕ್ಕೆ ಕಿರುಚುತ್ತಿರುತ್ತಾರೆ. ಅವುಗಳ ಪಕ್ಕ ಏಳನೆಯ ಚೌಕವೊಂದು ಮೂಡಿ, ಅದರಲ್ಲಿ ನನ್ನ ಮಗಳು ಕೂತಿದ್ದಳು.

ಮುನಿಯಪ್ಪನವರ ಹತ್ತಿರ ಹೇಳಿಕೊಂಡೆ. "ಮಾಸ್ ಅಂದ್ರೆ ಬಾಡು ಊಟದ ಓಟ್ಲಾ?" ಎಂದು ಅವರು ಕೇಳಿದ್ದು ಗೇಲಿಗೋ ಗೊತ್ತಿಲ್ಲದೆಯೋ ಇನ್ನೂ ಬಗೆಹರಿದಿಲ್ಲ. ಆಮೇಲೆ ಗಂಭೀರವಾಗಿ, "ಓದ್ಲಿ ಬುಡಿ ಇನ್‌ಸ್ಪೆಕ್ಟ್ರೇ. ನಮ್ ಏರಿಯಾದಾಗೆ ಮೋರಿ ತುಂಬ್ಕೊಂಡು ಇಂಗೆ ನಾರ್ತಾ ಐತೆ, ಒಬ್ರಾನ ಟಿವೀಲಿ ತೋರ್ಸಿದ್ರಾ? ನಮ್ ಮಗೀನೇ ಅಲ್ಲಿದ್ರೆ ಒಂದು ಮಾತು ಯೋಳ್ಬೋದು" ಎಂದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೇಳಿದರೆ ಒಬ್ಬನಂತೂ, "ಸಾರ್, ಎಲ್ಲಾ ರೀಲ್ಸ್ ಮಾಡ್ಕೊಂಡೇ ಮೀಡಿಯಾ ಆಗ್ಬಿಟ್ಟವ್ರೆ, ಡಿಗ್ರಿ ಯಾಕೆ?" ಎಂದ. ನನಗೆ ಇನ್ನಷ್ಟು ಭಯವಾಯಿತು. ಡಿಗ್ರಿ ಬೇಡದ ಕೆಲಸಕ್ಕೆ ಡಿಗ್ರಿ ಮಾಡಿ, ಆಮೇಲೆ ಆ ಕೆಲಸವೂ ಸಿಗದೆ ಹೋದರೆ?

ಭಯವಾದಾಗ ನಮ್ಮ ವಿಭಾಗದವರು ಮಾಡುವುದು ಒಂದೇ: ಕಾಗದ ತಯಾರಿಸುವುದು. ಕಾರ್ಖಾನೆಯಲ್ಲಿ ಯಾವ ಬಿಡಿಭಾಗವನ್ನು ಮಾಡುವ ಮೊದಲೂ ಒಂದು ಪ್ರೋಸೆಸ್ ಶೀಟ್ ಬರೆಯುತ್ತೇವೆ. ಯಾವ ಮೆಷಿನ್, ಯಾವ ಅಳತೆ, ಎಲ್ಲಿ ತಪಾಸಣೆ ಎಂದು ಹಂತ ಹಂತವಾಗಿ ಅದರಲ್ಲಿ ಇರುತ್ತದೆ. ಹಂತಗಳಿಗೆ ಒಂದು, ಎರಡು, ಮೂರು ಎಂದಲ್ಲ, ಹತ್ತು, ಇಪ್ಪತ್ತು, ಮೂವತ್ತು ಎಂದು ಸಂಖ್ಯೆ ಕೊಡುವುದು ರೂಢಿ. ಒಂದು ಶನಿವಾರ ಇಡೀ ಮಧ್ಯಾಹ್ನ ಕೂತು ಮಗಳ ಬದುಕಿಗೊಂದು ಪ್ರೋಸೆಸ್ ಶೀಟ್ ಬರೆದೆ. ಹಂತ ಹತ್ತು: ಪದವಿ, ಮೂರು ವರ್ಷ. ಇಪ್ಪತ್ತು: ಸ್ನಾತಕೋತ್ತರ. ಮೂವತ್ತು: ಖಾಯಂ ನೌಕರಿ, ಆದಷ್ಟೂ ಸರ್ಕಾರದ್ದು. ನಲವತ್ತು: ಮದುವೆ. ತಪಾಸಣೆಯ ಕಾಲಮ್ಮಿನಲ್ಲಿ ಎಲ್ಲಾ ಹಂತಕ್ಕೂ 'ತಂದೆ' ಎಂದು ಬರೆದು ಸಹಿಗೆ ಜಾಗ ಬಿಟ್ಟೆ. ಬರೆದು ಮುಗಿಸಿದಾಗ ನನಗೇ ಕಣ್ಣು ಒದ್ದೆಯಾಯಿತು, ಅಷ್ಟು ಚೆನ್ನಾಗಿತ್ತು.

ಸಿಂಚನಾ ಅದನ್ನು ನಗದೆ ಪೂರ್ತಿ ಓದಿದಳು. ಆಮೇಲೆ, "ಹತ್ತು ಇಪ್ಪತ್ತು ಅಂತ ಯಾಕಪ್ಪಾ?" ಎಂದಳು. ನಾನು ಉತ್ಸಾಹದಿಂದ ವಿವರಿಸಿದೆ: ಕೆಲಸ ಶುರುವಾದ ಮೇಲೆ ಮೊದಲು ಹೊಳೆಯದೇ ಇದ್ದದ್ದು ಏನಾದರೂ ಬಂದರೆ ನಡುವೆ ಸೇರಿಸುವುದಕ್ಕೆ ಜಾಗ ಇರಲಿ ಅಂತ. ಅವಳು ಪೆನ್ನು ತೆಗೆದುಕೊಂಡು ಹತ್ತು ಮತ್ತು ಇಪ್ಪತ್ತರ ನಡುವೆ 'ಹದಿನೈದು: ಇನ್ನೂ ಗೊತ್ತಿಲ್ಲ' ಎಂದೂ, ಮುಂದಿನದರ ನಡುವೆ 'ಇಪ್ಪತ್ತೈದು: ಆಗ ನೋಡೋಣ' ಎಂದೂ ಬರೆದಳು. ನಲವತ್ತನ್ನು ಹೊಡೆದು ಹಾಕಿದಳು. ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿಲ್ಲ ಅನ್ನೋ ಹಂತ ಪ್ರಪಂಚದಲ್ಲಿ ಯಾವ ಕಾರ್ಖಾನೇಲೂ ಇಲ್ಲ. ಸರಿಯಾದ ಪ್ಲಾನ್ ತೋರಿಸೋವರೆಗೂ ನಾನು ಅರ್ಜಿಗೆ ಸೈನ್ ಹಾಕಲ್ಲ" ಎಂದೆ. ಅವಳ ಮುಖ ಸಣ್ಣದಾಯಿತು. ಅರ್ಜಿ ಕೊಡಲು ಸೋಮವಾರ ಕೊನೆಯ ದಿನ. ಪೋಷಕರ ಸಹಿ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ನನಗೆ ಅದೆಲ್ಲ ಗೊತ್ತಿದ್ದೇ ಹೇಳಿದ್ದೆ, ನಾಚಿಕೆಯಿಲ್ಲದೆ.

ಅರ್ಜಿಯ ಜೊತೆ ಒಂದು ಮೂರು ನಿಮಿಷದ ವಿಡಿಯೊ ಕೂಡ ಕೇಳಿದ್ದರು. ದುಡಿಯುವ ಯಾರನ್ನಾದರೂ ಅವರು ಆ ಕೆಲಸಕ್ಕೆ ಬಂದ ಬಗೆ ಕೇಳಿ ಸಂದರ್ಶನ ಮಾಡಬೇಕು. ಭಾನುವಾರ ಬೆಳಿಗ್ಗೆ ಅವಳು ಬೇರೆ ದಾರಿಯಿಲ್ಲದೆ ನನ್ನನ್ನೇ ಕೇಳಿದಳು. ನಾನೂ ಬಿಗುಮಾನ ಬಿಟ್ಟು ಒಪ್ಪಿದೆ. ಒಬ್ಬ ಮನುಷ್ಯ ಯೋಜನೆ ಹಾಕಿಕೊಂಡು ಹೇಗೆ ಮೇಲೆ ಬರುತ್ತಾನೆ ಎಂದು ಕ್ಯಾಮೆರಾ ಮುಂದೆಯೇ ಅವಳಿಗೆ ಬುದ್ಧಿ ಹೇಳಬಹುದಲ್ಲ! ಗೃಹಪ್ರವೇಶಗಳಿಗೆ ಹಾಕುವ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ತಾರಸಿಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತೆ. ಟ್ಯಾಂಕು ತುಂಬಿತೋ ನೋಡಲು ಬಂದ ಮುನಿಯಪ್ಪನವರು ಅಲ್ಲೇ ಉಳಿದರು. ಸಿಂಚನಾ ಮೊಬೈಲನ್ನು ಮಡಿಸಿದ ಕಂಬಳಿಯ ಮೇಲೆ ನಿಲ್ಲಿಸಿ ಕೇಳಿದಳು: "ಈ ಕೆಲಸ ಯಾಕೆ ಆರಿಸ್ಕೊಂಡೆ?"

"ನಾಡಿನ ಸಮಸ್ತ ಯುವಜನರಿಗೆ ವಂದನೆಗಳು. ಬಾಲ್ಯದಿಂದಲೂ ನನಗೆ ಯಂತ್ರಗಳಲ್ಲಿ ಅಪಾರ ಆಸಕ್ತಿ..." ಎಂದು ಶುರು ಮಾಡಿದೆ. ಅವಳು ತಡೆಯಲಿಲ್ಲ. ನಾನು ಮುಗಿಸಿದ ಮೇಲೂ ಏನೂ ಹೇಳದೆ, ಮುಂದಿನ ಪ್ರಶ್ನೆಯನ್ನೂ ಕೇಳದೆ, ನನ್ನನ್ನೇ ನೋಡುತ್ತ ಕಾದಳು. ಆ ನೋಟ ನನಗೆ ಗೊತ್ತು. ಸರಿಯಿಲ್ಲದ ಮಾಲನ್ನು ಕೈಯಲ್ಲಿ ಹಿಡಿದು, ಮಾಡಿದವನು ತಾನಾಗಿಯೇ ಒಪ್ಪಿಕೊಳ್ಳಲಿ ಎಂದು ನಾನು ಕಾಯುವುದು ಹಾಗೆಯೇ. ನಾನೂ ಸುಮ್ಮನಾದೆ. ಬಾಲ್ಯದಲ್ಲಿ ನಾನು ಕಂಡಿದ್ದ ಒಂದೇ ಯಂತ್ರವೆಂದರೆ ಹಿಟ್ಟಿನ ಗಿರಣಿ. ಅದರ ಸದ್ದಿಗೆ ಅಳುತ್ತಿದ್ದೆ.

"ಸಿವಿಲ್ ಓದ್ಬೇಕು ಅಂತ ಇತ್ತು" ಎಂದು ಕೊನೆಗೆ ನನ್ನ ಬಾಯಿಂದ ಬಂತು. "ಸೇತುವೆ ಕಟ್ಬೇಕು ಅಂತ. ತುಮಕೂರಲ್ಲಿ ಡಿಪ್ಲೊಮಾ ಅರ್ಜಿ ಕೊಡೋಕೆ ಹೋದಾಗ ಸಿವಿಲ್ ಕೌಂಟರ್ ಮುಂದೆ ಕ್ಯೂ ಗೇಟ್‌ವರೆಗೂ ಇತ್ತು. ನಮ್ಮೂರ ಬಸ್ಸು ನಾಲ್ಕು ಗಂಟೆಗೆ, ಅದು ಬಿಟ್ರೆ ಬೆಳಿಗ್ಗೇನೇ. ಮೆಕ್ಯಾನಿಕಲ್ ಕ್ಯೂನಲ್ಲಿ ಐದೇ ಜನ ಇದ್ರು. ಅಲ್ಲಿ ನಿಂತ್ಕೊಂಡೆ." ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ನಿಜವಾಗಿಯೂ ದುಃಖವಾಯಿತು.

ಟ್ಯಾಂಕಿನ ಹಿಂದಿನಿಂದ ಮುನಿಯಪ್ಪನವರ ದನಿ ಬಂತು. "ಅಂಗಾರೆ ಬಸ್ಸು ಸಿಕ್ತಾ ಇನ್‌ಸ್ಪೆಕ್ಟ್ರೇ?"

"ಇಲ್ಲ. ಅವತ್ತು ಬಸ್ಸೇ ಬರ್ಲಿಲ್ಲ" ಎಂದೆ.

ಅವಳು ಮೊಬೈಲ್ ಆರಿಸಿದಳು. ಆ ಕ್ಯೂ, ಬಸ್ಸು ಎಲ್ಲ ಕತ್ತರಿಸಿ ಬಾಲ್ಯದ ಆಸಕ್ತಿಯನ್ನಷ್ಟೇ ಇಡು ಎಂದು ಬೇಡಿಕೊಂಡೆ. "ಅದು ಸುಳ್ಳಲ್ವಾಪ್ಪಾ?" ಎಂದು ಮೆತ್ತಗೆ ಕೇಳಿದಳು. ಮೆತ್ತಗೆ ಕೇಳಿದ್ದರಿಂದ ಬೈಯುವುದಕ್ಕೂ ಆಗಲಿಲ್ಲ. ಐದು ಜನರ ಕ್ಯೂ ನೋಡಿ ಇಡೀ ಬದುಕು ತೀರ್ಮಾನಿಸಿದವನು, ಯೋಚಿಸಿ ಆರಿಸಿಕೊಂಡವಳ ಹತ್ತಿರ ಇನ್ನೇನು ಪ್ಲಾನ್ ಕೇಳುವುದು? ಒಳಗೆ ಹೋಗಿ ಅರ್ಜಿ ತರಿಸಿ ಸಹಿ ಹಾಕಿದೆ. ಅಭ್ಯಾಸಬಲದಿಂದ ಸಹಿಯ ಕೆಳಗೆ 'ತಪಾಸಣೆ ಮಾಡಿದೆ' ಎಂದೂ ಬರೆದುಬಿಟ್ಟಿದ್ದೆ. ಗಿರಿಜಾ ನೋಡಿ ಬಿಳಿ ಇಂಕಿನಿಂದ ಅಳಿಸಿದಳು.

ಎರಡು ವಾರ ಕಳೆದು ಸೀಟು ಸಿಕ್ಕಿತು. ಸಂಜೆ ಕಾಲೇಜಿನಿಂದ ಓಡಿ ಬಂದ ಸಿಂಚನಾ, "ಅಪ್ಪಾ, ಮೇಡಂಗೆ ನಿನ್ನ ಇಂಟರ್‌ವ್ಯೂ ತುಂಬಾ ಇಷ್ಟ ಆಯ್ತಂತೆ" ಎಂದಳು. ನಾನು ಕುರ್ಚಿಯಲ್ಲಿ ನೆಟ್ಟಗಾಗಿ, ಯಾವ ಮಾತು ಎಂದು ಕೇಳಿದೆ. ಯುವಜನರಿಗೆ ಹೇಳಿದ್ದೇ ಇರಬೇಕು ಎಂದು ಒಳಗೊಳಗೇ ಆಸೆ. "ಮಾತಲ್ಲ. ನಡುವೆ ಹನ್ನೊಂದು ಸೆಕೆಂಡು ನೀನು ಏನೂ ಮಾತಾಡದೆ ಕೂತಿದ್ಯಲ್ಲ, ಅದು. ಇಡೀ ವಿಡಿಯೋದಲ್ಲಿ ಅದೇ ಬೆಸ್ಟ್ ಅಂದ್ರು."

ಅಡುಗೆಮನೆಯಿಂದ ಗಿರಿಜಾ ಒಗ್ಗರಣೆಯ ಸದ್ದಿನ ಮೇಲೆ ಕೂಗಿದಳು: "ಓದಿದೋರೇ ಹೇಳಿದ್ದಾರೆ ಕಣ್ರೀ, ಅದನ್ನೇ ಮುಂದುವರಿಸಿ." ಸೌಟು ಹಿಡಿದೇ ಬಾಗಿಲಿಗೂ ಬಂದಳು. ಉತ್ತರ ಹೇಳಬೇಕೆಂದು ಬಾಯಿ ತೆರೆದೆ. ತಾಯಿ ಮಗಳು ಇಬ್ಬರೂ ಎಷ್ಟು ಆಸೆಯಿಂದ ನನ್ನ ಮುಖ ನೋಡುತ್ತಿದ್ದರೆಂದರೆ, ಸುಮ್ಮನೆ ಮುಚ್ಚಿಕೊಂಡೆ.