ಅರಗು ಹಚ್ಚಿದ ಸೆಲ್ಲು

ಸೆಲ್ಲಿಗೆ ತಲೆಯೇ ಮುಖ್ಯ, ಬುಡ ಬರೀ ಕೂರುವುದಕ್ಕೆ ಎಂದು ನಲವತ್ತಾರು ವರ್ಷ ನಂಬಿಕೊಂಡಿದ್ದವನು ನಾನು. ಹಿತ್ತಾಳೆ ಟೋಪಿ ಹಾಕಿಕೊಂಡು ನಡುವೆ ನೆಟ್ಟಗೆ ನಿಂತ ಇದ್ದಿಲ ಕಡ್ಡಿಯೇ ಯಜಮಾನ. ಸುತ್ತಲಿನ ಸತುವಿನ ತಗಡು ಅವನಿಗೆ ತೊಡಿಸಿದ ಅಂಗಿ. ಕರೆಂಟು ಟೋಪಿಯಿಂದ ಹೊರಟು ರೇಡಿಯೋ ಸೇರುತ್ತದೆ, ಹಾಡಾಗಿ ಖರ್ಚಾಗುತ್ತದೆ, ಅಲ್ಲಿಗೆ ಮುಗಿಯಿತು. ಅದು ವಾಪಸು ಬರಬೇಕಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. (ನಾನೂ ಕೇಳಿರಲಿಲ್ಲ. ಚಿತ್ರದುರ್ಗದ ಖಜಾನೆಯಲ್ಲಿ ಇಪ್ಪತ್ತು ವರ್ಷ ಗುಮಾಸ್ತನಾದವನು ಯಾರನ್ನೂ ಏನೂ ಕೇಳುವುದಿಲ್ಲ.)

ಎಪ್ಪತ್ತಮೂರನೇ ಇಸವಿಯ ಮಾತು. ನನ್ನ ನಾದಿನಿ ಚಂದ್ರಕ್ಕ ಭರಮಸಾಗರದಲ್ಲಿ ಸೋಬಾನೆ ಹಾಡುವವಳು. ಆಕಾಶವಾಣಿಯವರು ಬಂದು, ಯಂತ್ರ ಇಟ್ಟು, ಅವಳ ಪದಗಳನ್ನು ಹಿಡಿದುಕೊಂಡು ಹೋಗಿದ್ದರು. ಗುರುವಾರ ಸಂಜೆ ಐದೂವರೆಗೆ, ಒಂದೇ ಸಲ, ಕಾಲು ಗಂಟೆ ಅವು ರೇಡಿಯೋದಲ್ಲಿ ಬರುವುದಿತ್ತು. ನನ್ನ ಹೆಂಡತಿ ಏಕಾಂತಮ್ಮ ವಾರದಿಂದ ದಿನ ಎಣಿಸುತ್ತಿದ್ದಳು. ತಾನೇ ಅಂಗಡಿಗೆ ಹೋಗಿ ಮೂರು ಹೊಸ ಸೆಲ್ಲು ತಂದು ನನ್ನ ಕೈಗಿಟ್ಟು, "ಹಾಕ್ರಿ, ಅಷ್ಟು ಸಾಕು. ಬ್ಯಾರೆ ಏನೂ ಮಾಡಾಕೆ ಹೋಗಬ್ಯಾಡ್ರಿ" ಎಂದಳು.

ಬೇರೆ ಏನೂ ಮಾಡದೆ ಇರುವುದಕ್ಕೆ ಮನೆಗೊಬ್ಬ ಗಂಡಸು ಯಾಕೆ? ಹಿಂದಿನ ಸೆಲ್ಲುಗಳು ಬುಡ ಸೋರಿ, ರೇಡಿಯೋದ ಸ್ಪ್ರಿಂಗು ತುಕ್ಕು ಹಿಡಿದು, ರಿಪೇರಿ ಅಂಗಡಿಯ ಓಬಳೇಶಪ್ಪನಿಂದ ನಾನು ಬೈಸಿಕೊಂಡದ್ದು ಇನ್ನೂ ಮರೆತಿರಲಿಲ್ಲ. ಖಜಾನೆಯಲ್ಲಿ ಏನನ್ನೇ ಭದ್ರ ಮಾಡಬೇಕಾದರೂ ನಾವು ಅರಗು ಕರಗಿಸಿ ಮೊಹರು ಒತ್ತುತ್ತೇವೆ. ಜೇಬಿನಲ್ಲಿ ಅರಗಿನ ತುಂಡೊಂದಿತ್ತು. (ಹೇಗೆ ಬಂತೆಂದು ಕೇಳಬಾರದು.) ಮೇಣದಬತ್ತಿ ಹಚ್ಚಿ ಮೂರೂ ಬುಡಗಳಿಗೆ ಕೆಂಪಗೆ ಅರಗು ಬಳಿದೆ. ಮೊಹರು ಕಚೇರಿಯಲ್ಲಿದ್ದುದರಿಂದ ಉಂಗುರವನ್ನೇ ಒತ್ತಿದೆ. ಇನ್ನು ಈ ಸೆಲ್ಲುಗಳು ಸೋರಬೇಕಾದರೆ ಮೇಲಧಿಕಾರಿಗಳ ಅಪ್ಪಣೆಯೇ ಆಗಬೇಕು.

ಗುರುವಾರ ಐದೂಕಾಲಿಗೆ ಗುಂಡಿ ತಿರುಗಿಸಿದರೆ ರೇಡಿಯೋ ಗೊರ್ ಎನ್ನಲೂ ಇಲ್ಲ.

"ಏನಾತ್ರಿ?"

"ಕೋಟೆ ಬಂಡೆ ಅಡ್ಡ ಐತೆ. ಅಲೆಗಳು ಅದನ್ನ ದಾಟಿ ಬರಬೇಕಲ್ಲ."

"ಹೋದ ತಿಂಗಳೂ ಬಂಡೆ ಅಲ್ಲೇ ಇತ್ತಲ್ರಿ."

"ಆಗ ಮೋಡ ಇರಲಿಲ್ಲ."

"ಈಗೆಲ್ಲೈತೆ ಮೋಡ?"

"ಮೋಡ ಅಂದ್ರೆ ಕಾಣಲೇಬೇಕು ಅಂತ ಏನಿಲ್ಲ ಕಣೆ."

ಅವಳು ಗಡಿಯಾರ ನೋಡಿದಳು. "ಓಬಳೇಶಪ್ಪನ ತಾವ ತಗಂಡು ಹೋಗಾಣ ನಡೀರಿ. ಇನ್ನೂ ಹೊತ್ತೈತೆ."

ಮತ್ತೆ ಓಬಳೇಶಪ್ಪನೇ! ಬೇಡವೆಂದೆ. ತಾಮ್ರದ ತಂತಿಯೊಂದನ್ನು ಹುಡುಕಿ, ಒಂದು ತುದಿ ರೇಡಿಯೋಕ್ಕೆ ಸುತ್ತಿ, ಇನ್ನೊಂದು ಹಿಡಿದು ಏಣಿ ಹತ್ತಿ ಮಾಳಿಗೆಗೆ ಹೋದೆ. ಬಂಡೆಯ ಕಡೆಗೆ ಮುಖ ಮಾಡಿ ಕೈ ಎತ್ತಿ ನಿಂತೆ.

"ಬಂತೇನೇ?"

"ಇನ್ನೂ ಮ್ಯಾಕೆ ಹಿಡೀರಿ. ಅಲ್ಲಾಡಬ್ಯಾಡ್ರಿ" ಎಂದಿತು ಕೆಳಗಿನಿಂದ ಧ್ವನಿ.

ಅಲ್ಲಾಡಲಿಲ್ಲ. ಮತ್ತೆ ಎರಡು ಸಲ "ಬಂತೇನೇ?" ಎಂದೆ, ಉತ್ತರವಿಲ್ಲ. ತಂಗಿಯ ಹಾಡಿನಲ್ಲಿ ಮೈಮರೆತಿರಬೇಕು, ಪಾಪ ಎಂದುಕೊಂಡೆ. ರಟ್ಟೆ ನೋಯತೊಡಗಿತು. ಬೀದಿಯಲ್ಲಿ ಹೋಗುತ್ತಿದ್ದ ಎದುರುಮನೆಯ ಜಂಪಣ್ಣ ನಿಂತು, "ಏನ್ ಸ್ವಾಮಿ, ಬಾವುಟ ಎಲ್ಲೈತೆ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದ. ಸಂಸಾರಕ್ಕಾಗಿ ಗಂಡಸು ಎಷ್ಟು ಸಹಿಸುತ್ತಾನೆಂಬುದು ಜಂಪಣ್ಣನಂಥವರಿಗೆ ಅರ್ಥವಾಗುವುದಿಲ್ಲ.

ಆರು ಗಂಟೆಯ ಹೊತ್ತಿಗೆ ಏಕಾಂತಮ್ಮ ಕಂಡಳು. ಮನೆಯೊಳಗಿಂದಲ್ಲ, ಬೀದಿಯ ತುದಿಯಿಂದ ಬರುತ್ತಿದ್ದಳು. ಕಂಕುಳಲ್ಲಿ ತಂತಿ ಬಿಚ್ಚಿದ ರೇಡಿಯೋ ಇತ್ತು.

"ಓಬಳೇಶಪ್ಪ ಚಾಕು ತಗಂಡು ಅರಗು ಕೆರೆದ, ಹಾಡ್ತು" ಎಂದಳು ಅಂಗಳದಲ್ಲಿ ನಿಂತು. "ಸೆಲ್ಲಿಗೆ ಎರಡು ಎಲೆಕ್ಟ್ರೋಡು ಇರ್ತಾವಂತೆ. ನಡುವಿನ ಕಡ್ಡಿ ಒಂದು, ಸುತ್ತ ಇರೋ ಸತುವಿನ ಮೈ ಒಂದು. ಒಂದನ್ನ ಮುಚ್ಚಿದ್ರೆ ಇನ್ನೊಂದು ಸತ್ತಂಗೇ ಅಂತೆ. ನೀವು ಬುಡಕ್ಕೇ ಮೊಹರು ಹಾಕೀರಿ."

"ಆದರೂ ಕಡ್ಡಿಯೇ ಮುಖ್ಯ ಅಲ್ವೇನೇ?"

"ನಾನೂ ಅದನ್ನೇ ಕೇಳಿದೆ. ಕರಗಿ ಸವೆಯೋದೆಲ್ಲ ಸತುವಂತೆ. ಅದಕ್ಕೇ ಹಳೇವು ಬುಡ ತೂತು ಬಿದ್ದು ಸೋರೋದಂತೆ. ಕಡ್ಡಿ ಸವೆಯೋದೇ ಇಲ್ಲವಂತೆ, ಸುಮ್ನೆ ನಿಂತಿರ್ತದಂತೆ."

(ಹೇಳುವಾಗ ಅವಳು ಮಾಳಿಗೆಯ ಕಡೆ ಯಾಕೆ ನೋಡಿದಳೋ ತಿಳಿಯದು.)

"ಚಂದ್ರಕ್ಕನ ಹಾಡು?"

"ಮೊದಲಿನ ಎರಡು ಪದ ಹೋದವು. ಕಡೇದು ಪೂರ್ತಿ ಸಿಕ್ತು. ಅಂಗಡಿ ಮುಂದೆ ಹತ್ತು ಜನ ನಿಂತು ಕೇಳಿದ್ರು." ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನನ್ನ ಕೈ ಇನ್ನೂ ಮೇಲೆಯೇ ಇತ್ತು. ಇಳಿಸಲು ಹೋದರೆ ಬರಲಿಲ್ಲ. ಇಷ್ಟು ಹೊತ್ತು ನಿಂತದ್ದಕ್ಕೆ ಒಂದು ಒಳ್ಳೆಯ ಮಾತಾದರೂ ಸಿಗಬಾರದೇ ಎನ್ನಿಸಿ ಕೇಳಿಯೇ ಬಿಟ್ಟೆ: "ಹಂಗಾದ್ರೆ ನಾನು ತಂತಿ ಹಿಡಿದು ನಿಂತದ್ದು ಏನೂ ಉಪಯೋಗಕ್ಕೆ ಬರಲಿಲ್ಲವೇನೇ?"

"ಬಂತಲ್ರಿ. ನೀವು ಮ್ಯಾಲಿದ್ರಿ ಅಂತಲೇ ಒಂದು ಪದ ಆದ್ರೂ ಕೇಳಿದೆ."