ಏಳಡಿ ಗೋಡೆ

ಕಾಲುವೆಗೆ ನೀರು ಬಂದು ಯಾದಗಿರಿ ಸೀಮೆಯಲ್ಲಿ ಯಾರು ಯಾರು ಉದ್ಧಾರವಾದರೋ ಗೊತ್ತಿಲ್ಲ, ಯಂಕಣ್ಣ ಮಾತ್ರ ಕೆಟ್ಟ. ರೈತರು ಹತ್ತಿ ಬಿಟ್ಟು ಭತ್ತ ಹಚ್ಚಿದರು. ಸ್ಟೇಶನ್ ಹತ್ತಿರದ ಹತ್ತಿ ಮಿಲ್ಲು ಮುಚ್ಚಿತು. ಮಾಲೀಕ ಲಾಡ್ಲೇಸಾಬ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ, ಒಳಗೆ ಅಡ್ಡಗೋಡೆ ಎಬ್ಬಿಸಿ, ಎಂಟು ಮನೆ ಮಾಡಿ ಬಾಡಿಗೆಗೆ ಬಿಟ್ಟ. ಸೂರು ಮೂವತ್ತು ಅಡಿ ಎತ್ತರ, ಗೋಡೆ ಏಳೇ ಅಡಿ. ಕೇಳಿದರೆ, "ಹವಾ ಆಡಬೇಕಲ್ರಿ" ಎನ್ನುತ್ತಿದ್ದ. ಹವಾ ಆಡುತ್ತಿತ್ತು ನಿಜ. ಅದರ ಜೊತೆಗೆ ಎಂಟೂ ಮನೆಗಳ ಮಾತು, ಗೊರಕೆ, ಒಗ್ಗರಣೆಯ ಘಾಟು ಎಲ್ಲ ಆಡುತ್ತಿದ್ದವು.

ನಾಲ್ಕನೆಯ ಮನೆಯ ಯಂಕಣ್ಣ ಮತ್ತು ಅವನ ಹೆಂಡತಿ ಸುಂದ್ರಮ್ಮ ಗುಟ್ಟಿನ ಮಾತಿಗೆಂದೇ ಪಾಟಿ ಬಳಪ ಇಟ್ಟುಕೊಂಡಿದ್ದರು. ಜಗಳವನ್ನೂ ಪಾಟಿಯ ಮೇಲೇ ಆಡುತ್ತಿದ್ದರು. ಸುಂದ್ರಮ್ಮನಿಗೆ ಸಿಟ್ಟು ಬಂದ ದಿನ ಒಂದು ಡಬ್ಬಿ ಬಳಪ ಸಾಲುತ್ತಿರಲಿಲ್ಲ. ಆದರೆ ಕಾಲುವೆ ಕಚೇರಿಯ ಗುಮಾಸ್ತನಾದ ಯಂಕಣ್ಣ ಅಲ್ಲಿ ಕೊಚ್ಚಿಕೊಳ್ಳುತ್ತಿದ್ದುದೇ ಬೇರೆ: "ಮನಿ ಅಂದ್ರ ಅರಮನಿ ನೋಡ್ರಿ ಸಾಹೇಬ್ರ! ಮೇ ತಿಂಗಳದಾಗೂ ಫ್ಯಾನ್ ಬ್ಯಾಡ. ಓಣಿ ಮಂದಿನೂ ಬಂಗಾರದಂಥವ್ರು." ಮರ್ಯಾದೆ ಎಂಬುದೊಂದಿದೆಯಲ್ಲ.

ಆ ಸೋಮವಾರ ಗಾಂಧಿ ಚೌಕದ ಹಿಂದೆ ಒಂದು ಮನೆ ಖಾಲಿಯಾಗಿತ್ತು. ಗೋಡೆಗಳು ಸೂರಿನವರೆಗೂ ಇದ್ದವು! ಹನ್ನೊಂದರೊಳಗೆ ಬಾರದಿದ್ದರೆ ಬೇರೆಯವರಿಗೆ ಕೊಡುವುದಾಗಿ ಅದರ ಯಜಮಾನ ಹೇಳಿದ್ದ. ಯಂಕಣ್ಣನ ರಜೆಗಳೋ ಎಂದೋ ಮುಗಿದಿದ್ದವು. ಪಾಟಿಯ ಮೇಲೆ "ಸುಳ್ಳು ಜ್ವರ. ಗಾಬರಿಯಾಗಬೇಡ" ಎಂದು ಬರೆದು ಹೆಂಡತಿಗೆ ತೋರಿಸಿ, ಸಾಹೇಬರಿಗೆ ಫೋನ್ ಹಚ್ಚಿದ.

"ಸಾಹೇಬ್ರ, ಭಾಳ ಜ್ವರ ಬಂದಾವ್ರಿ. ಏಳಾಕ ಆಗವಲ್ದು."

"ಆರಾಮ ಮಾಡ್ರಿ," ಎಂದರು ಜಲಾಲುದ್ದೀನ ಸಾಹೇಬರು. "ನಂದೂ ಇವತ್ತ ಸ್ವಂತ ಕೆಲಸ ಅದ. ತಡಾ ಮಾಡೇ ಬರ್ತೀನಿ."

ಸಾಹೇಬರ ಹತ್ತಿರ ಪಾಟಿ ಇರಲಿಲ್ಲವಾಗಿ ಜ್ವರವನ್ನು ಬಾಯಿಂದಲೇ ಹೇಳಬೇಕಾಯಿತು. ಅದೇ ತಪ್ಪಾಯಿತು.

"ಯಂಕಣ್ಣಗ ಜ್ವರಾ?" ಮೂರನೆಯ ಮನೆಯಿಂದ ದಾವಲಬೀಯ ದನಿ ಗೋಡೆ ದಾಟಿತು. ಹಿಂದೆಯೇ ಅವಳೂ ಬಂದಳು. ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ ಯಂಕಣ್ಣ ಹಾಗೇ ಕೌದಿಯೊಳಗೆ ಹೊಕ್ಕ.

"ಇದು ಡೆಂಗಿನೇ. ನಮ್ಮಕ್ಕನ ಮಗಗೂ ಹಿಂಗ ಆಗಿತ್ತು. ಪಪ್ಪಾಯಿ ಎಲಿ ರಸ ತಂದೀನಿ, ಕುಡಿ ತಮ್ಮಾ."

ಇಲ್ಲ ಎನ್ನುವಂತಿಲ್ಲ. ಈ ಮಿಲ್ಲಿನಲ್ಲಿ ಆಡಿದ ಮಾತು ಹತ್ತು ಗಂಟೆಗೆ ಕಚೇರಿಯ ಮುಂದಿನ ಚಹದಂಗಡಿ ಮುಟ್ಟುತ್ತದೆ. ಯಂಕಣ್ಣ ಕಣ್ಣು ಮುಚ್ಚಿ ಕುಡಿದ. ಅಂಥ ಕಹಿಯನ್ನು ಅವನು ಪಾಟಿಯ ಮೇಲೂ ಓದಿರಲಿಲ್ಲ.

ಅಷ್ಟರಲ್ಲಿ ಆರನೆಯ ಮನೆಯ ಅಯ್ಯಮ್ಮ ಬಂದು, ಮೆಣಸಿನಕಾಯಿಯಿಂದ ಅವನ ದೃಷ್ಟಿ ತೆಗೆದು ಕೆಂಡಕ್ಕೆ ಹಾಕಿದಳು. ಹೊಗೆ ಸೂರಿಗೆ ಏರಿ, ಎಂಟೂ ಮನೆಗೆ ಸಮನಾಗಿ ಇಳಿಯಿತು.

"ನೋಡ್ರಿ... ಖೊಕ್... ಒಂಚೂರೂ ಘಾಟಿಲ್ಲ... ಖೊಕ್... ದೃಷ್ಟಿ ಭಾಳ ಆಗೇದ!" ಎಂದಳು ಅಯ್ಯಮ್ಮ, ಕಣ್ಣು ಒರೆಸಿಕೊಳ್ಳುತ್ತ.

ಖಾಲಿಯಿದ್ದ ಐದನೆಯ ಮನೆಯಲ್ಲಿ ಬೆಳಗಿನಿಂದ ಕಸ ಹೊಡೆಯುತ್ತಿದ್ದ ಲಾಡ್ಲೇಸಾಬನೂ ಕೆಮ್ಮಿದ. ಅವನ ಜೊತೆ ಇನ್ನಾರೋ ಕೆಮ್ಮಿದರು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಂಕಣ್ಣ ಇರಲಿಲ್ಲ. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು, ಏಳನೆಯ ಮನೆಯ ಕಂಪೌಂಡರ್ ಖಂಡಪ್ಪ ಸೂಜಿ ತೋರಿಸುತ್ತಿದ್ದ.

"ಎರಡು ಇಂಜೆಕ್ಷನ್, ಎರಡೂ ಕಡಿ. ದಾವಲಬೀ, ನೀವು ಕಾಲು ಹಿಡೀರಿ. ಹೊಳ್ಳಿ ಮಲಗ್ರಿ ಯಂಕಣ್ಣ."

ಸುಂದ್ರಮ್ಮ ಅವಸರದಲ್ಲಿ ಪಾಟಿಯ ಮೇಲೆ "ತಡಕೊಳ್ರಿ" ಎಂದು ಬರೆದು ಹಿಡಿದಳು. ಮೊದಲನೆಯದನ್ನು ತಡೆದುಕೊಂಡ. ಎರಡನೆಯದಕ್ಕೆ ಎದ್ದು ಕೂತು ಕಿರುಚಿದ:

"ಬಿಡ್ರಪಾ ನನ್ನ! ಯಾವ ಜ್ವರಾನೂ ಇಲ್ಲ, ಡೆಂಗಿನೂ ಇಲ್ಲ! ಈ ಸುಡುಗಾಡ ಮಿಲ್ಲು ಬಿಟ್ಟು ಬ್ಯಾರೆ ಮನಿ ನೋಡಾಕ ಸಾಹೇಬಗ ಸುಳ್ಳ ಹೇಳೀನಿ! ಆ ಸಾಹೇಬ ಒಬ್ಬ ದಡ್ಡ, ಏನ್ ಹೇಳಿದ್ರೂ ನಂಬ್ತಾನ!"

ಖಂಡಪ್ಪನ ಕೈಯಲ್ಲಿ ಸೂಜಿ ಹಾಗೇ ನಿಂತಿತು.

ಆಗ ಐದನೆಯ ಮನೆಯಿಂದ, ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದ ದನಿಯೇ ಏಳಡಿ ಗೋಡೆಯ ಮೇಲಿಂದ ಕೇಳಿಬಂತು.

"ಲಾಡ್ಲೇಸಾಬ, ಮನಿ ಪಸಂದ ಆತು. ಹವಾ, ಎತ್ತರ, ಓಣಿ ಮಂದಿ... ಯಂಕಣ್ಣ ಕಚೇರ್‍ಯಾಗ ಹೇಳಿದ್ದು ಎಲ್ಲಾ ಖರೇನೇ ಅದ. ಜ್ವರ ಒಂದು ಬಿಟ್ಟು."

ಹಿಂದೆಯೇ ಅದೇ ದನಿ ಮತ್ತೆ ಬಂತು.

"ಯಂಕಣ್ಣ, ಆರಾಮ ಅದೀರಲ್ಲ? ನಿಮ್ಮ ಮಾತು ನಂಬಿ ಸಾಮಾನ ಹೇರಿಕೊಂಡೇ ಬಂದೀನಿ, ಹೊರಗ ಲಾರಿ ನಿಂತದ. ಬರ್ರಿ, ಸಾಮಾನ ಇಳಸೋಣು."

ಎಲ್ಲೋ ಹನ್ನೊಂದು ಬಡಿಯಿತು. ಯಂಕಣ್ಣ ಸೊಂಟ ಹಿಡಿದುಕೊಂಡು, ಕುಂಟುತ್ತ ಬಾಗಿಲಿಗೆ ಹೋದ. ಸುಂದ್ರಮ್ಮ ಸದ್ದಾಗದಂತೆ ಬರೆದು ಪಾಟಿ ಎತ್ತಿ ತೋರಿಸಿದಳು:

"ಬರುವಾಗ ಇದಕ್ಕಿಂತ ದೊಡ್ಡ ಪಾಟಿ ತರ್ರಿ."